ಪೆನ್ನು ಕಂಡರೆ ಸೋನಿಬಾಯಿ

ಕಮಲಾಪುರದಿಂದ ಎರಡು ಮೈಲಿ ಒಳಗೆ, ಕೆಂಪು ಬಾಳೆಯ ತೋಟಗಳು ಮುಗಿದು ಕಲ್ಲುನೆಲ ಶುರುವಾಗುವಲ್ಲಿ ಒಂದು ಲಂಬಾಣಿ ತಾಂಡಾ ಇದೆ. ಅಲ್ಲಿಯ ತುಳಜಾಬಾಯಿಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ತೊಟ್ಟಿಲಲ್ಲೇ ಅವರ ಮೇಲೆ ಆಕೆಯ ಕಣ್ಣು ಬಿದ್ದಿರುತ್ತಿತ್ತು. ಬಸ್ ಕಂಡಕ್ಟರ್ ಟಿಕೆಟ್ ಕೊಟ್ಟರೆ ಪಕ್ಕದವನ ಕೈಯಲ್ಲಿ ಓದಿಸುತ್ತಾಳೆ, ಆಮೇಲೆ ಹಿಂದಿನ ಸೀಟಿನವನ ಕೈಯಲ್ಲೂ ಓದಿಸುತ್ತಾಳೆ, ಮೊದಲನೆಯವನು ಕಂಡಕ್ಟರನ ಪೈಕಿ ಇದ್ದರೆ ಏನು ಗತಿ! ವಾರಕ್ಕೆ ಮೂರು ದಿನ ಕಲಬುರಗಿಯ ಜಗತ್ ವೃತ್ತದ ಹತ್ತಿರ ಬುಟ್ಟಿ ಇಟ್ಟುಕೊಂಡು ಬಾಳೆಹಣ್ಣು ಮಾರುತ್ತಾಳೆ. ಗಿರಾಕಿ ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟರೆ ಅವನ ಮೇಲೂ ಸಂಶಯ. "ಇಂವಾ ಯಾಕ ಸುಮ್ನ ಕೊಟ್ಟಾನು?" ಎಂದು ನೋಟನ್ನು ಬಿಸಿಲಿಗೆ ಹಿಡಿದು ನೋಡುತ್ತಾಳೆ.

ಈ ಸಂಶಯ ಆಕೆಯೊಬ್ಬಳ ಸ್ವಂತದ್ದಲ್ಲ. ಆ ತಾಂಡಾದಲ್ಲಿ ಹಿಂದಿನಿಂದ ಒಂದು ಕಟ್ಟಳೆ ಇತ್ತು. ಪೆನ್ನು ಹಿಡಿದು ಯಾರೇ ಬರಲಿ, ಅವರಿಗೆ ಬದುಕಿದವರ ಹೆಸರು ಹೇಳಬಾರದು, ಸತ್ತವರ ಹೆಸರು ಹೇಳಬೇಕು. ಅಜ್ಜಂದಿರ ಕಾಲದಲ್ಲಿ ಪೊಲೀಸರು ಬಂದು ಹೆಸರು ಬರೆದುಕೊಂಡು ಹೋದರು, ಎಲ್ಲೋ ಕಳವಾದರೆ ಆ ಹೆಸರು ಹಿಡಿದು ಎಳೆದೊಯ್ದರು. ಆಮೇಲೆ ಜೀಪಿನವರು ಬಂದು ಬರೆದುಕೊಂಡರು, ಗಂಡಸರನ್ನು ಹತ್ತಿಸಿಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ ಕಳಿಸಿದರು. ಸತ್ತವರ ಹೆಸರು ಬರೆದುಕೊಂಡರೆ ಏನು ಮಾಡಿಯಾರು? ಬೇಕಾದರೆ ಹಳ್ಳದ ದಂಡೆಗೆ ಹೋಗಿ ಬೂದಿ ಹುಡುಕಲಿ! ಸತ್ತವರೇನೂ ಪುಕ್ಕಟೆ ದುಡಿಯುತ್ತಿರಲಿಲ್ಲ. ದೀಪಾವಳಿಗೆ ಮನೆಯ ಹಿರಿಯರ ಹೆಸರನ್ನು ಒಂದೊಂದಾಗಿ ಕೂಗಿ, ಬೆಲ್ಲ ತುಪ್ಪ ಕಲಸಿದ ಅನ್ನವನ್ನು ಕೆಂಡಕ್ಕೆ ಹಾಕುತ್ತಾರೆ. ಉಂಡ ಋಣಕ್ಕೆ ಅವರು ಪೆನ್ನಿನವರನ್ನು ನೋಡಿಕೊಳ್ಳಬೇಕು, ಅಷ್ಟೇ ಲೆಕ್ಕ.

ಈಗಿನವರು ಆಧಾರ್ ಕಾರ್ಡು, ಮೊಬೈಲು ಎಂದು ಈ ಕಟ್ಟಳೆಯನ್ನು ಮರೆತಿದ್ದರು. ತುಳಜಾಬಾಯಿ ಮರೆತಿರಲಿಲ್ಲ. ಪೆನ್ನು ಕಂಡ ಕೂಡಲೇ ಆಕೆಯ ಬಾಯಿಗೆ ಬರುತ್ತಿದ್ದುದು ಸೋನಿಬಾಯಿ, ಅಂದರೆ ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅತ್ತೆ. ಬದುಕಿದ್ದಾಗ ಸೊಸೆಗೆ ಒಂದು ಒಳ್ಳೆಯ ಮಾತು ಆಡದ ಅತ್ತೆ ಸತ್ತ ಮೇಲೆ ಎಷ್ಟೊಂದು ಉಪಯೋಗಕ್ಕೆ ಬಂದಳು ನೋಡಿ. ಸೊಳ್ಳೆ ಔಷಧಿಯವರ ಪಟ್ಟಿಯಲ್ಲಿ ಸೋನಿಬಾಯಿ, ಓಟು ಕೇಳಲು ಬಂದವರ ಪುಸ್ತಕದಲ್ಲಿ ಸೋನಿಬಾಯಿ.

ಇಂಥ ತಾಂಡಾಕ್ಕೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಿಂದ ಒಂದು ಸಂಸ್ಥೆಯವರು ಬಂದರು. ಬಂದವರು ಒಂದೇ ಕೆಲಸಕ್ಕೆ ಬಂದಿದ್ದರೆ ಚೆನ್ನಾಗಿತ್ತು, ಮೂರಕ್ಕೆ ಬಂದರು. ಮುದುಕಿಯರ ಹಳೆಯ ಹಾಡು ರೆಕಾರ್ಡ್ ಮಾಡುತ್ತೇವೆ, ಮನೆಯ ಜಾಗಕ್ಕೆ ಹಕ್ಕುಪತ್ರ ಮಾಡಿಸಿಕೊಡುತ್ತೇವೆ, ಹೆಂಗಸರ ರಕ್ತ ಪರೀಕ್ಷೆ ಮಾಡುತ್ತೇವೆ ಎಂದರು.

"ಹಾಡು ಬೇಕಂತ, ಜಾಗ ಬೇಕಂತ, ರಕ್ತ ಬೇಕಂತ," ಎಂದಳು ತುಳಜಾಬಾಯಿ, ಎಲ್ಲರಿಗೂ ಕೇಳುವ ಹಾಗೆ. "ಇನ್ನ ಉಳಿದದ್ದು ಎಲುಬು. ಅದಕ್ಕ ಯಾವಾಗ ಬರ್ತೀರಿ?"

ಸಂಸ್ಥೆಯ ಪರವಾಗಿ ತಾಂಡಾಕ್ಕೆ ಓಡಾಡುತ್ತಿದ್ದವಳು ಕಲಬುರಗಿಯದೇ ಗಾಜಿಪುರ ಓಣಿಯ ಬುಶ್ರಾ, ಇಪ್ಪತ್ತಾರರ ಹುಡುಗಿ. ಮನೆಯಲ್ಲಿ ದಖನಿ ಉರ್ದು, ಇಲ್ಲಿ ಕನ್ನಡ. ಅದು ಸಾಲದೆ, ಲಂಬಾಣಿ ಮಾತಿನಲ್ಲಿ ತಾಯಿಗೆ ಯಾಡಿ ಅನ್ನುತ್ತಾರೆಂದು ಕಲಿತು ತುಳಜಾಬಾಯಿಯನ್ನು "ಯಾಡಿ" ಎಂದೇ ಕರೆದಳು. ಅಲ್ಲಿಗೆ ಸಂಶಯ ದುಪ್ಪಟ್ಟಾಯಿತು. ನಮ್ಮ ಮಾತು ಕಲಿತು ಬಂದವಳೆಂದರೆ ದೊಡ್ಡ ತಯಾರಿಯಲ್ಲೇ ಬಂದಿದ್ದಾಳೆ!

ಮದುಮಗಳನ್ನು ಕಳಿಸುವಾಗ ಅಳುತ್ತ ಹಾಡುವ ಹಾಡನ್ನು ಹೇಳಿರೆಂದು ಬುಶ್ರಾ ಮೊಬೈಲ್ ಮುಂದೆ ಹಿಡಿದಳು. "ಯಾರನ್ನ ಕಳಸಾಕತ್ತೀವಿ ಅಂತ ಅಳಬೇಕು? ನಿನ್ನನ್ನೇನು?" ಎಂದು ತುಳಜಾಬಾಯಿ ಬೆನ್ನು ತಿರುಗಿಸಿದಳು. ಹಕ್ಕುಪತ್ರದ ಪಟ್ಟಿಗೆ ಹೆಸರು ಕೇಳಿದಾಗ, ಮುಂದೆ ನೋಡೋಣ ಎಂದಳು. ರಕ್ತಕ್ಕೆ ಮಾತ್ರ ಅಡ್ಡ ನಿಲ್ಲಲಾಗಲಿಲ್ಲ, ಏಕೆಂದರೆ ಸೊಸೆ ಮಾಯಾ ಹಟ ಹಿಡಿದಳು. ಮಾಯಾಗೆ ಏಳು ತಿಂಗಳು. ಗಂಡ ಆನಂದಕುಮಾರನ ಜೊತೆ ಪುಣೆಯ ಕಟ್ಟಡ ಕೆಲಸಕ್ಕೆ ಹೋಗಿದ್ದವಳು ತಿಂಗಳ ಹಿಂದಷ್ಟೇ ಬಂದಿದ್ದಳು. "ಅವ್ವಾ, ಇಕಿನ್ನ ನಿನ್ನ ಕೈಯಾಗ ಬಿಟ್ಟೀನಿ," ಎಂದು ಮಗ ಬಸ್ಸಿಗೆ ಹತ್ತಿಸಿ ಕಳಿಸಿದ್ದ. ಆ ಮಾತು ತುಳಜಾಬಾಯಿಯ ಎದೆಯಲ್ಲಿ ಕೂತಿತ್ತು.

"ಹೋಗು, ಆದ್ರ ಹೆಸರು ಕೇಳಿದ್ರ ಸೋನಿಬಾಯಿ ಅನ್ನು," ಎಂದು ತಮ್ಮ ಮಾತಿನಲ್ಲೇ ಕಟ್ಟಪ್ಪಣೆ ಮಾಡಿದಳು. ಮಾಯಾ ಮುಖದ ಮೇಲೆ ಸೆರಗು ಎಳೆದುಕೊಂಡು, ನೂರಿಪ್ಪತ್ತು ಹೆಂಗಸರ ಸಾಲಿನಲ್ಲಿ ನಿಂತು, ಸೋನಿಬಾಯಿ ಎಂದು ಬರೆಸಿ, ರಕ್ತ ಕೊಟ್ಟು ಬಂದಳು.

ಆರನೆಯ ದಿನ ಬುಶ್ರಾ ಒಂದು ಕಾಗದ ಹಿಡಿದು ತಾಂಡಾಕ್ಕೆ ಓಡಿ ಬಂದಳು.

"ಸೋನಿಬಾಯಿ ಯಾರ್ರೀ? ಎಲ್ಲಿದಾರ?"

ಕಟ್ಟೆಯ ಮೇಲೆ ಕೂತಿದ್ದ ದತ್ತಪ್ಪ ಬೀಡಿ ಬಾಯಿಂದ ತೆಗೆದು ಹಳ್ಳದ ಕಡೆ ತೋರಿಸಿದ. "ಸೋನಿಬಾಯೇನ್ರೀ? ಅಕಿನ್ನ ಸುಟ್ಟು ಹನ್ನೊಂದ ವರ್ಷ ಆತು. ನೀವು ಭಾಳ ತಡಾ ಮಾಡಿ ಬಂದೀರಿ."

ಎಲ್ಲರೂ ನಕ್ಕರು. ಬುಶ್ರಾ ನಗಲಿಲ್ಲ. "ಯಾರೋ ಬಸುರಿ ಹೆಂಗಸು ಈ ಹೆಸರು ಬರಸ್ಯಾರ. ರಕ್ತ ಹನ್ನೊಂದು ಇರಬೇಕು, ಅಕಿದು ನಾಲ್ಕೂವರಿ ಅದ. ಹೆರಿಗಿಗೆ ಕುಂತ್ರ ತಾಯಿನೂ ಉಳಿಯಂಗಿಲ್ಲ, ಕೂಸೂ ಉಳಿಯಂಗಿಲ್ಲ. ಯಾರಂತ ಹೇಳ್ರಿ, ಕೈ ಮುಗೀತೀನಿ."

ತುಳಜಾಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಆದರೂ ಬಾಯಿ ಬಿಡಲಿಲ್ಲ. ಹೆದರಿಸಿ ಹೆಸರು ಹೊರಡಿಸುವುದು ಇವರ ಹಳೆಯ ಉಪಾಯ, ಪೊಲೀಸರೂ ಹೀಗೇ ಮಾಡುತ್ತಿದ್ದರಂತೆ. ಬಸುರಿಯರನ್ನು ಆಸ್ಪತ್ರೆಗೆ ಒಯ್ದು ರಕ್ತ ತೆಗೆದು ಮಾರುತ್ತಾರೆಂದು ಜಗತ್‌ನಲ್ಲಿ ಯಾರೋ ಹೇಳಿದ್ದನ್ನು ಆಕೆ ಕೇಳಿದ್ದಳು. ಬುಶ್ರಾ ಮನೆಮನೆಗೆ ಹೋಗಿ ಬಸುರಿಯರನ್ನು ಕೇಳಿದಳು. ತುಳಜಾಬಾಯಿಯ ಬಾಗಿಲಿಗೆ ಬಂದಾಗ, "ನಮ್ಮ ಸೊಸಿ ತವರುಮನಿಗೆ ಹೋಗ್ಯಾಳ," ಎಂಬ ಉತ್ತರ ಸಿಕ್ಕಿತು. ಒಳಗೆ ಮಾಯಾ ಉಸಿರು ಬಿಗಿಹಿಡಿದು ಕೂತಿದ್ದಳು.

ಬುಶ್ರಾ ಹೋದ ಮೇಲೆ ತುಳಜಾಬಾಯಿಯ ಸಂಶಯ ಸೊಸೆಯ ಕಡೆ ತಿರುಗಿತು. ಹಣ್ಣು ಹಣ್ಣಾಗಿದೆಯೋ ಇಲ್ಲವೋ ಎಂದು ಒತ್ತಿ ನೋಡುವ ಕೈಯಿಂದಲೇ ಆಕೆ ಮಾಯಾಳ ಉಗುರು ಒತ್ತಿದಳು. ಬಿಳಿಯ ಉಗುರು ಬಿಳಿಯಾಗೇ ಉಳಿಯಿತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಅಲ್ಲಿಯೂ ಕೆಂಪಿಲ್ಲ. ಬಾವಿಯಿಂದ ಒಂದು ಕೊಡ ತರಲು ಹುಡುಗಿ ಮೂರು ಕಡೆ ಕೂತಳು. ಒಲೆಯ ಹಿಂದಿನ ಗೋಡೆಯ ಮಣ್ಣು ಅಂಗೈಯಷ್ಟು ಕಿತ್ತುಹೋಗಿತ್ತು. ಇಲಿ ಅಂದುಕೊಂಡಿದ್ದಳು, ತಿಂದವಳು ಮಾಯಾ.

"ಮಣ್ಣು ತಿಂತೀಯೇನ?"

"ತಿನ್ನಬೇಕನಸ್ತದ, ಅತ್ತಿ," ಎಂದು ಮಾಯಾ ಅತ್ತಳು.

ಮರುದಿನ ತುಳಜಾಬಾಯಿ ಬುಟ್ಟಿ ಹೊತ್ತು ಕಲಬುರಗಿಗೆ ಹೋದಳು. ಜಗತ್‌ನಲ್ಲಿ ಕೂರಲಿಲ್ಲ. ಹಣ್ಣು ಮಾರುವ ನೆಪದಲ್ಲಿ ಖೂಬಾ ಪ್ಲಾಟಿನ ಓಣಿಗಳಲ್ಲಿ ತಿರುಗುತ್ತ, ಇಂಥ ಸಂಸ್ಥೆ ನಿಜಕ್ಕೂ ಇದೆಯೋ ಇಲ್ಲವೋ ಎಂದು ಪತ್ತೆ ಮಾಡಿದಳು. ಇತ್ತು. ಮೂಲೆಯ ಚಹಾದಂಗಡಿಯವನನ್ನು ಕೇಳಿದಳು, ಇಸ್ತ್ರಿಯವನನ್ನು ಕೇಳಿದಳು, ಇಬ್ಬರ ಉತ್ತರ ತಾಳೆಯಾಗುತ್ತದೋ ಎಂದು ನೋಡಿದಳು. ಆಮೇಲೆ ಆ ಮನೆಯ ಕಿಟಕಿಯ ಕೆಳಗೆ ಬುಟ್ಟಿ ಇಳಿಸಿ, ಬಿಸಿಲಿಗೆ ಸುಸ್ತಾದವಳ ಹಾಗೆ ಕೂತಳು. ಎಂಥ ಸುಸ್ತು! ಕಿವಿಗಳೆರಡೂ ಒಳಗೇ ಇದ್ದವು.

ಒಳಗೆ ಬುಶ್ರಾ ಫೋನಿನಲ್ಲಿದ್ದಳು. ಮೊದಲು ಆಸ್ಪತ್ರೆಯವರೊಡನೆ. "ಸೋನಿಬಾಯಿ ರೀ ಮೇಡಂ, ಕಮಲಾಪುರದ ಕಡೆಯಕಿ. ಒಂದು ಹಾಸಿಗಿ ಹಿಡದಿಡ್ರಿ. ಇಲ್ರೀ, ಅಕಿ ಇನ್ನೂ ಸಿಕ್ಕಿಲ್ಲ. ಸಿಗ್ತಾಳ್ರಿ, ಖರೇನ ಸಿಗ್ತಾಳ." ಆಮೇಲೆ ತಮ್ಮನೊಡನೆ ಜಗಳ, ದಖನಿಯಲ್ಲಿ. ಜಗತ್‌ನಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದವಳಿಗೆ ಅದೂ ತಿಳಿಯುತ್ತಿತ್ತು. ತನ್ವೀರ್, ಅವಳದು ಬಿ ನೆಗೆಟಿವ್, ಸುಲಭಕ್ಕೆ ಸಿಗುವುದಿಲ್ಲ, ನಿನ್ನದೂ ಅದೇ, ಇವತ್ತೇ ಬಂದು ಒಂದು ಬಾಟಲಿ ಕೊಡು ಎಂದು ಅಕ್ಕ ಗೋಗರೆಯುತ್ತಿದ್ದಳು. ಯಾರಿಗೆಂದು ಅವನು ಕೇಳಿರಬೇಕು. "ಗೊತ್ತಿಲ್ಲ. ಆದರೆ ಯಾರೋ ಒಬ್ಬಳು ಇದ್ದಾಳೆ," ಎಂದಳು ಬುಶ್ರಾ.

ಕಿಟಕಿಯ ಕೆಳಗೆ ತುಳಜಾಬಾಯಿಗೆ ನಾಚಿಕೆಯಾಯಿತು. ರಕ್ತ ಮಾರುವವಳು ಅಂದುಕೊಂಡಿದ್ದವಳು, ಹನ್ನೊಂದು ವರ್ಷದ ಹಿಂದೆ ಬೂದಿಯಾದ ಹೆಂಗಸಿಗೆ ತನ್ನ ತಮ್ಮನ ರಕ್ತ ಬೇಡುತ್ತಿದ್ದಳು. ಬುಟ್ಟಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

"ಸೋನಿಬಾಯಿ ನಮ್ಮ ಅತ್ತಿ. ಸತ್ತಾಳ. ರಕ್ತ ನನ್ನ ಸೊಸಿದು, ಮನ್ಯಾಗ ಅದಾಳ."

ಬುಶ್ರಾಳ ಮುಖ ಕೆಂಪಾಯಿತು. "ಏನ್ ಯಾಡಿ ನೀವು! ನಿನ್ನೆ ನಿಮ್ಮ ಬಾಗಲಿಗೇ ಬಂದಿದ್ನಲ್ಲ! ಒಂದು ದಿನ ಹಾಳು ಮಾಡಿದ್ರಲ್ಲ!" ಎಂದು ಬೈಯುತ್ತಲೇ ಚಪ್ಪಲಿ ಹಾಕಿಕೊಂಡಳು. ಬೈಸಿಕೊಳ್ಳುವುದು ತುಳಜಾಬಾಯಿಗೆ ಅಭ್ಯಾಸವಿಲ್ಲ. ಆ ದಿನ ಸುಮ್ಮನೆ ಬೈಸಿಕೊಂಡಳು.

ಸಂಜೆಯೊಳಗೆ ಮಾಯಾ ಕಲಬುರಗಿಯ ದೊಡ್ಡ ದವಾಖಾನೆಯಲ್ಲಿದ್ದಳು. ದಾರಿಯಲ್ಲೇ ನೋವು ಶುರುವಾಗಿತ್ತು. ಹಾಸಿಗೆ ಸೋನಿಬಾಯಿ ಹೆಸರಿನಲ್ಲಿತ್ತು, ಕಾಗದವೂ ಅದೇ ಹೆಸರಿನದು. ಆ ಗಡಿಬಿಡಿಯಲ್ಲಿ ತಿದ್ದಲು ಯಾರಿಗೆ ಪುರಸೊತ್ತು? ರಕ್ತವನ್ನು ಮತ್ತೆ ಪರೀಕ್ಷೆ ಮಾಡಿ, ತನ್ವೀರ್ ಕೊಟ್ಟ ಬಾಟಲಿ ಏರಿಸಿದರು, ಆಮೇಲೆ ಇನ್ನೊಂದು. ಮಾರನೆಯ ದಿನ ಹೆಣ್ಣು ಮಗು ಹುಟ್ಟಿತು, ಬಾಳೆಹಣ್ಣಿನಷ್ಟು ಸಣ್ಣ ಕೈಕಾಲು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಕಾಲಿಗೆ ತಾಯಿಯ ಹೆಸರು ಬರೆದ ಪಟ್ಟಿ ಕಟ್ಟಿದರು.

ಮಾಯಾ ಚೇತರಿಸಿಕೊಂಡಳು. ಹದಿನೆಂಟನೆಯ ದಿನ, ಮಗುವನ್ನು ಒಯ್ಯಬಹುದೆಂದು ಹೇಳಿದರು. ಅಂದಷ್ಟೇ ಆ ವಾರ್ಡಿಗೆ ಬಂದಿದ್ದ ಮಸ್ತಾನಬಿ ಎಂಬ ಹಿರಿಯ ನರ್ಸ್ ಮಗುವನ್ನು ಎತ್ತಿಕೊಂಡು ಬಂದು, ಪೆನ್ನು ತೆಗೆದು, "ತಾಯಿ ಹೆಸರೇನು?" ಎಂದಳು.

"ಮಾಯಾ," ಎಂದಳು ಮಾಯಾ.

ಮಸ್ತಾನಬಿ ಮಗುವಿನ ಕಾಲಿನ ಪಟ್ಟಿ ನೋಡಿದಳು. ಮಾಯಾಳ ಆಧಾರ್ ಕಾರ್ಡು ನೋಡಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಮಗುವನ್ನು ಎದೆಗೆ ಒತ್ತಿ ಹಿಡಿದಳು. "ಈ ಕೂಸಿನ ತಾಯಿ ಸೋನಿಬಾಯಿ. ನೀವ್ಯಾರು?"

"ಸೋನಿಬಾಯಿ ಸತ್ತಾಳ್ರೀ," ಎಂದಳು ತುಳಜಾಬಾಯಿ.

"ಯಾವಾಗ?"

"ಹನ್ನೊಂದ ವರ್ಷ ಆತು."

"ಹನ್ನೊಂದ ವರ್ಷದ ಹಿಂದ ಸತ್ತಕಿ ಹದಿನೆಂಟ ದಿನದ ಕೂಸು ಹಡದಾಳೇನು? ನನಗ ಹುಚ್ಚಿ ಅಂತ ತಿಳಕೊಂಡೀಯೇನು? ಕೂಸು ಕದಿಯೋರು ಹಿಂಗೇ ಬರ್ತಾರ. ವಾಚ್‌ಮನ್!"

ತುಳಜಾಬಾಯಿ ಅರಚಾಡಿದಳು, ಎದೆ ಬಡಿದುಕೊಂಡಳು, ದೇವರ ಆಣೆ ಹಾಕಿದಳು. ಮಸ್ತಾನಬಿ ಒಂದನ್ನೂ ನಂಬಲಿಲ್ಲ. ಆ ಕಣ್ಣು ತುಳಜಾಬಾಯಿಗೆ ಚೆನ್ನಾಗಿ ಗುರುತಿತ್ತು. ಮೂವತ್ತು ವರ್ಷ ಲೋಕವನ್ನೆಲ್ಲ ತಾನು ನೋಡಿದ್ದು ಅದೇ ಕಣ್ಣಿನಿಂದ. ಮಗು ಮೂರು ಮೊಳ ದೂರದಲ್ಲಿ ಅಳುತ್ತಿತ್ತು, ಮಾಯಾಳ ಕುಪ್ಪಸ ಹಾಲಿನಿಂದ ಒದ್ದೆಯಾಗಿತ್ತು. ಪೆನ್ನಿನವರಿಂದ ಉಳಿಸಿಕೊಳ್ಳಲೆಂದು ಹೇಳಿದ ಹೆಸರೇ ಮೊಮ್ಮಗಳನ್ನು ಕಸಿದುಕೊಳ್ಳುತ್ತಿತ್ತು.

ಸುದ್ದಿ ಮುಟ್ಟಿ ಬುಶ್ರಾ ಓಡಿ ಬಂದಳು. ದೊಡ್ಡ ಡಾಕ್ಟರ್ ಎಲ್ಲ ಕೇಳಿ, ಬರೆದುಕೊಡಿ ಎಂದರು. ಸುಳ್ಳು ಹೆಸರು ಹೇಳಿಸಿದ್ದು ಯಾರು, ಯಾಕೆ, ಖರೇ ಹೆಸರೇನು, ಎಲ್ಲ. ಸುಳ್ಳೆಂದು ಕಂಡರೆ ಪೊಲೀಸರಿಗೆ ಹೋಗುತ್ತದೆ ಎಂದೂ ಹೇಳಿದರು. ಪೊಲೀಸು, ಪೆನ್ನು, ಕಾಗದ. ಅಜ್ಜಂದಿರ ಕಾಲದಿಂದ ಹೆದರಿದ್ದೆಲ್ಲ ಒಂದೇ ಮೇಜಿನ ಮೇಲೆ ಕೂಡಿತ್ತು.

"ಹೆಸರು?" ಎಂದಳು ಬರೆದುಕೊಳ್ಳಲು ಕೂತ ಮಸ್ತಾನಬಿ.

ತುಳಜಾಬಾಯಿಯ ನಾಲಿಗೆ ಅಭ್ಯಾಸಬಲದಿಂದ ಸೋನಿಬಾಯಿಯ ಕಡೆ ಹೊರಳಿತು. ಮಗು ಮತ್ತೆ ಅತ್ತಿತು.

"ತುಳಜಾಬಾಯಿ," ಎಂದಳು. ಮೇಜಿನ ಮೇಲೆ ಕೈಯೂರಿ ಇನ್ನೊಮ್ಮೆ ಹೇಳಿದಳು. "ತುಳಜಾಬಾಯಿ. ಝೂಟ್ ಹೇಳಿಸಿದಕಿ ನಾನೇ."

ಸಾಕ್ಷಿಗೆ ಬುಶ್ರಾ ಸಹಿ ಹಾಕಿದಳು. ಹೆಬ್ಬೆರಳು ಒತ್ತುವ ಮೊದಲು ತುಳಜಾಬಾಯಿ ಆ ಕಾಗದವನ್ನು ಒಮ್ಮೆ ಬುಶ್ರಾಳ ಕೈಯಲ್ಲಿ ಓದಿಸಿದಳು, ಇನ್ನೊಮ್ಮೆ ವಾಚ್‌ಮನ್ ಕೈಯಲ್ಲಿ ಓದಿಸಿದಳು. ಆಮೇಲೆ ಹುಡುಗಿಯ ಮುಖವನ್ನೇ ದಿಟ್ಟಿಸಿ ಕೇಳಿದಳು. "ಬುಶ್ರಾ ಅನ್ನೋದು ನಿನ್ನ ಖರೇ ಹೆಸರೇ ಹೌದಿಲ್ಲೋ?"

ಬುಶ್ರಾ ಅಳುತ್ತಿದ್ದವಳು ನಕ್ಕುಬಿಟ್ಟಳು. ಮಸ್ತಾನಬಿ ಕಾಲಿನ ಪಟ್ಟಿ ಕತ್ತರಿಸಿ ಮಗುವನ್ನು ಮಾಯಾಳ ತೋಳಿಗೆ ಕೊಟ್ಟಳು.

ದೀಪಾವಳಿಗೆ ಎರಡು ದಿನ ಮುಂಚೆ ಹಕ್ಕುಪತ್ರದ ಅಳತೆಗೆ ಜನ ಬಂದರು. ತುಳಜಾಬಾಯಿ ಅವರ ಸರಪಳಿಯನ್ನು ತಾನೂ ಒಮ್ಮೆ ಹಿಡಿದು ಅಳೆದಳು, ಅದು ಬೇರೆ ಮಾತು. ಹೆಸರು ಕೇಳಿದಾಗ ತನ್ನದನ್ನೇ ಹೇಳಿದಳು. ಕಟ್ಟೆಯ ಮೇಲಿದ್ದ ದತ್ತಪ್ಪನ ಬಾಯಿಂದ ಬೀಡಿ ಬಿತ್ತು.

ಹಬ್ಬದ ದಿನ ಅಂಗಳದಲ್ಲಿ ಕೆಂಡ ಮಾಡಿ, ಹಿರಿಯರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತ ಬೆಲ್ಲ ತುಪ್ಪದ ಅನ್ನ ಹಾಕಿದಳು. ಸೋನಿಬಾಯಿಯ ಸರದಿ ಬಂದಾಗ ಎಲ್ಲರಿಗಿಂತ ದೊಡ್ಡ ತುತ್ತು ತೆಗೆದಳು. ಮಾಯಾ ಮಗುವನ್ನೆತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು. ತುಪ್ಪ ಬಿದ್ದು ಕೆಂಡ ಚುರುಗುಟ್ಟಿತು.

"ಉಣ್ಣು, ಅತ್ತಿ," ಎಂದಳು ತುಳಜಾಬಾಯಿ. "ಭಾಳ ದುಡದೀದಿ. ಇನ್ನ ನಿನ್ನ ಹೆಸರು ಇಲ್ಲಷ್ಟೇ ಕರೀತೀನಿ. ಮಲಕೋ."