ವಿನಯಾ ಬರೆದ ಐದನೆಯ ನಿಯಮ

ಕುಂದಾಪುರದ ಬಸ್ ಸ್ಟ್ಯಾಂಡ್ ಹತ್ತಿರ, ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಕ್ಲಾಸು. ನಾನು ಟೈಪಿಂಗ್ ಕಲಿಸುವವಳು, ಸಾಲಿಗ್ರಾಮದ ವಿನಯಾ ಪ್ರೋಗ್ರಾಮಿಂಗ್ ಕಲಿಸುತ್ತಿದ್ದಳು. ೨೦೧೧ರಲ್ಲಿ ಅವಳಿಗೆ ಮೂವತ್ತೆರಡು. ಸಂಬಳವಿಲ್ಲದ ಇನ್ನೊಂದು ಕೆಲಸವನ್ನೂ ಮೈಮೇಲೆ ಎಳೆದುಕೊಂಡಿದ್ದಳು. ಕನ್ನಡದ ಕೆಲವರು ಸೇರಿ ಒಂದು ವೆಬ್‌ಸೈಟ್ ನಡೆಸುತ್ತಿದ್ದರು. ಯಾರು ಬೇಕಾದರೂ ತಾವು ಬರೆದ ಪ್ರೋಗ್ರಾಮನ್ನು ಅಲ್ಲಿಗೆ ಕಳಿಸಬಹುದು, ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಬಂದದ್ದನ್ನು ನೋಡಿ ಒಳಗೆ ಬಿಡುವ ಮೂವರಲ್ಲಿ ಇವಳೂ ಒಬ್ಬಳು.

ನಿಯಮ ಬರೆದವಳೂ ಇವಳೇ. ನಾಲ್ಕೇ ನಾಲ್ಕು. ಸ್ವಂತ ಬರೆದದ್ದಾಗಿರಬೇಕು, ಬೇರೆಯವರಿಂದ ತೆಗೆದುಕೊಂಡದ್ದಕ್ಕೆ ಅವರ ಹೆಸರು ಹಾಕಬೇಕು, ಇನ್ನೊಬ್ಬರ ಕಂಪ್ಯೂಟರಿನಲ್ಲೂ ಓಡಬೇಕು, ಬಳಸುವುದು ಹೇಗೆಂದು ಕನ್ನಡದಲ್ಲಿ ಬರೆದಿರಬೇಕು. ಇಷ್ಟನ್ನು ಓದುವುದಕ್ಕೂ ನಮ್ಮ ಜನಕ್ಕೆ ಪುರುಸೊತ್ತಿಲ್ಲ. ಲೈಬ್ರರಿ ಪುಸ್ತಕದ ಲೆಕ್ಕ ಇಡುವ ಒಂದೇ ಪ್ರಾಜೆಕ್ಟು ಹನ್ನೊಂದು ಹೆಸರಿನಲ್ಲಿ ಬಂದಿತ್ತು. ಒಬ್ಬನಂತೂ ಒಳಗಿದ್ದ ಮೂಲದವನ ಫೋನ್ ನಂಬರನ್ನೂ ಅಳಿಸಿರಲಿಲ್ಲ. ಎಂಜಲೆಲೆ ತೊಳೆದು ಮತ್ತೆ ಬಡಿಸುವ ಈ ಬುದ್ಧಿ ಕಂಡರೆ ನನಗೆ ಹೇಸಿಗೆ. ವಿನಯಾ ಮಾತ್ರ ಒಬ್ಬೊಬ್ಬರಿಗೂ ತಾಳ್ಮೆಯಿಂದ ಉತ್ತರ ಬರೆಯುತ್ತಿದ್ದಳು.

ಆ ಜೂನ್‌ನಲ್ಲಿ ಬೀಜಾಡಿಯ ರತೀಶ್ ಎಂಬವನದೊಂದು ಬಂತು, ಮದುವೆಗೆ ಗಂಡು ಹೆಣ್ಣು ಹೊಂದಿಸುವ ಪ್ರೋಗ್ರಾಮ್. ನಾಲ್ಕು ನಿಯಮವನ್ನೂ ಚಾಚೂ ತಪ್ಪದೆ ಪಾಲಿಸಿದ್ದ. ವಿನಯಾ ಖುಷಿಯಾಗಿ ನನ್ನನ್ನೂ ಕರೆದು ತೋರಿಸಿದಳು. ಜೊತೆಗೆ, ಓಡಿಸಿ ನೋಡಲೆಂದು ಒಂದು ಮಾದರಿ ಪಟ್ಟಿ ಇತ್ತು. ತೆರೆದರೆ ಇನ್ನೂರ ಹದಿನಾಲ್ಕು ಹೆಣ್ಣುಮಕ್ಕಳು, ಹೆಸರು, ಮನೆ, ಫೋನ್ ನಂಬರ್ ಸಮೇತ. ಎಲ್ಲ ನಮ್ಮ ಆಸುಪಾಸಿನವರೇ. ಕೊನೆಗೆ 'ವಿಶೇಷ' ಎಂಬ ಕಾಲಂ. 'ಹಲ್ಲು ಮುಂದೆ.' 'ತಂಗಿ ಓಡಿಹೋಗಿದ್ದಾಳೆ.' 'ವಯಸ್ಸು ಮುಚ್ಚಿಡುತ್ತಾರೆ.' ಗಂಡುಗಳ ಪಟ್ಟಿಯಲ್ಲಿ ಆ ಕಾಲಮ್ಮೇ ಇರಲಿಲ್ಲ. ಥೂ! ದನದ ಸಂತೆಯಲ್ಲಾದರೂ ಹಸುವಿನ ಜೊತೆ ಹೋರಿಯ ಹಲ್ಲನ್ನೂ ನೋಡುತ್ತಾರೆ.

ನೂರ ಆರನೆಯ ಸಾಲಿನಲ್ಲಿ ವಿನಯಾ ಇದ್ದಳು. 'ಸಿಟ್ಟು ಜಾಸ್ತಿ. ಎರಡನೇ ಸಂಬಂಧವಾದರೂ ಒಪ್ಪುತ್ತಾರೆ.'

ಎರಡನೆಯ ನಿಯಮದಂತೆ ರತೀಶ್, ಪಟ್ಟಿ ಕೊಟ್ಟವರ ಹೆಸರನ್ನೂ ಹಾಕಿದ್ದ: ತನ್ನ ಸೋದರಮಾವ ಅಣ್ಣಯ್ಯ. ಈ ಅಣ್ಣಯ್ಯ ಮದುವೆ ದಲ್ಲಾಳಿ. ಆರು ವರ್ಷದಿಂದ ಜಾತಕದ ಚೀಲ ಹಿಡಿದು ವಿನಯಾಳ ಮನೆಗೆ ಬರುತ್ತಿದ್ದ. ಅವಳ ತಾಯಿ ಅಮ್ಮಣ್ಣಿಯ ಆಸೆಯೆಲ್ಲ ಆ ಚೀಲದಲ್ಲೇ ಇತ್ತು. ಅವನನ್ನು ಎದುರು ಹಾಕಿಕೊಂಡರೆ ಬರುವ ಒಂದೆರಡು ಸಂಬಂಧವೂ ನಿಲ್ಲುತ್ತದೆಂದು ವಿನಯಾಳಿಗೆ ಚೆನ್ನಾಗಿ ಗೊತ್ತಿತ್ತು.

ಪರಿಶೀಲಿಸುವ ಉಳಿದಿಬ್ಬರು ನಿಯಮದ ಪ್ರಕಾರ ಸರಿಯಿದೆ, ಬಿಡಿ ಎಂದು ಬರೆದರು. ವಿನಯಾ ರತೀಶನಿಗೆ ಫೋನ್ ಮಾಡಿ ಪಟ್ಟಿ ತೆಗೆಯಲು ಹೇಳಿದಳು. ಸ್ಪೀಕರ್ ಹಾಕಿದ್ದರಿಂದ ಅವನ ಉತ್ತರ ನನಗೂ ಕೇಳಿಸಿತು.

"ನಿಜವಾದ್ ಹೆಸ್ರ್ ಇಲ್ದಿದ್ರೆ ಟೆಸ್ಟ್ ಮಾಡುದ್ ಹ್ಯಾಂಗೆ? ಬೇಡ ಅಂದೇಳಿ ನಿಮ್ ರೂಲ್ಸಂಗೆ ಎಲ್ಲಿತ್ತ್ ಮೇಡಂ?"

ಕಳ್ಳನಿಗೊಂದು ಪಿಳ್ಳೆ ನೆವ. ಅವಳು ವಾದಕ್ಕೆ ಇಳಿಯಲಿಲ್ಲ. ಉಳಿದಿಬ್ಬರ ಮಾತನ್ನು ಬದಿಗಿಟ್ಟು ಪ್ರೋಗ್ರಾಮನ್ನು ತಿರಸ್ಕರಿಸಿ, ಹೊರಗಿನವರಿಗೆ ಕಾಣುವ ಮೊದಲೇ ಆ ಪಟ್ಟಿಯನ್ನು ಸೈಟಿನಿಂದ ಅಳಿಸಿಹಾಕಿದಳು.

ಅಣ್ಣಯ್ಯ ಬರುವುದು ನಿಂತಿತು. ದಾರಿಯಲ್ಲಿ ಎದುರಾದರೂ ಮುಖ ತಿರುಗಿಸಿ ಹೋದನಂತೆ. ಬರುವ ಲಕ್ಷ್ಮಿಯನ್ನು ಒದ್ದೆ ಎಂದು ಅಮ್ಮಣ್ಣಿ ನಾಲ್ಕು ದಿನ ಮಗಳ ಮೇಲೆ ಹಾರಾಡಿದರು. ಆ ದಲ್ಲಾಳಿ ಎಂಥ ಹೊಲಸು ಮನುಷ್ಯನೆಂದು ತಾಯಿಗೂ ತಿಳಿಯಲಿ ಎಂದು, ಐದನೆಯ ದಿನ ವಿನಯಾ ಪಟ್ಟಿಯಲ್ಲಿ ತನ್ನ ಬಗ್ಗೆ ಬರೆದಿದ್ದ ಸಾಲನ್ನು ಬಾಯಿಬಿಟ್ಟು ಹೇಳಿದಳು. ಅಮ್ಮಣ್ಣಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದರು.

"ಅವ್ರ್ ಬರ್ಕಂಡದ್ದ್ ಮಾತ್ರ ಮಗಾ. ಹೇಳಿದ್ ನಾನೇ."

ಇದನ್ನು ನನಗೆ ಹೇಳುವಾಗ ವಿನಯಾ ಅಳಲಿಲ್ಲ. ದಲ್ಲಾಳಿಯನ್ನಾದರೆ ಬಾಯಿತುಂಬ ಬೈಯಬಹುದು, ಹೆತ್ತವಳನ್ನು ಏನೆಂದು ಬೈಯುವುದು? ವಿನಯಾ ಕಂಪ್ಯೂಟರ್ ಹಾಕಿ ನಿಯಮಗಳ ಪುಟ ತೆರೆದಳು. ನಾಲ್ಕರ ಕೆಳಗೆ ಟೈಪ್ ಮಾಡಿದಳು: 'ಮಾದರಿಗೆ ನಿಜವಾದ ಯಾರ ವಿವರವನ್ನೂ ಹಾಕಬಾರದು.' ಅದರ ಮುಂದೆ ಇನ್ನೊಂದು ಮಾತು ಸೇರಿಸಿದಳು: 'ಮನೆಯವರೇ ಕೊಟ್ಟಿದ್ದರೂ ಹಾಕಬಾರದು.'