ಕೊನೆಯವರು ಯಾರು?

ಹಳೇ ಹವಾನಾದ ತನ್ನ ಮನೆಯಲ್ಲಿ ಪ್ರವಾಸಿಗರಿಗೆ ಒಂದು ಕೋಣೆ ಬಾಡಿಗೆಗೆ ಕೊಡುತ್ತಿದ್ದ ಮಿಗ್ದಾಲಿಯಾಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಅತಿಥಿ ಹೊಸ್ತಿಲು ದಾಟುವ ಮೊದಲೇ ಉಪದೇಶ ಶುರು.

"ನಲ್ಲಿ ನೀರು ಮುಟ್ಟಬೇಡ ತಾಯಿ, ಕಾಯಿಸಿಟ್ಟಿದೀನಿ. ಬೀದಿ ಮಧ್ಯದಲ್ಲೇ ನಡಿ, ಗೋಡೆ ಪಕ್ಕ ಹೋದ್ರೆ ಯಾವ ಬಾಲ್ಕನಿ ಯಾವಾಗ ತಲೆ ಮೇಲೆ ಬೀಳುತ್ತೋ ಆ ದೇವರಿಗೇ ಗೊತ್ತು. 'ಮ್ಯೂಸಿಯಂಗೆ ಇವತ್ತು ರಜಾ, ಬನ್ನಿ ಬೇರೆ ಜಾಗ ತೋರಿಸ್ತೀನಿ' ಅಂತ ಯಾರಾದ್ರೂ ಹಲ್ಲು ಕಿರಿದ್ರೆ, ನೀನೂ ಹಲ್ಲು ಕಿರಿದು ಮುಂದೆ ಹೋಗ್ತಾ ಇರು."

ಹೇಳಿದ್ದಕ್ಕೆ ಸರಿಯಾಗಿ ಕೇಳುವುದೂ ಇತ್ತು. ಉರುಗ್ವೆಯಿಂದ ಬಂದಿದ್ದ ಇನೆಸ್ ಎಂಬ ಶಾಲಾ ಟೀಚರನ್ನು ಕೂರಿಸಿಕೊಂಡು ನಿಮ್ಮಲ್ಲಿ ಹೆಣ ಹೂಳಲು ಎಷ್ಟು ಜನ ಬರುತ್ತಾರೆ, ಅತ್ತೆಯರು ಸೊಸೆಯರ ಅಡುಗೆ ಉಣ್ಣುತ್ತಾರಾ ಎಂದೆಲ್ಲ ಕೆದಕಿದ್ದಳು. ಕೊನೆಗೆ ದನಿ ತಗ್ಗಿಸಿ ಕೇಳಿದಳು, "ಬರ್ತಾ ಎದುರುಮನೆ ನೀಲಿ ಕಿಟಕಿ ನೋಡಿದ್ಯಾ? ತೆಗೆದಿತ್ತಾ?"

"ಯಾರ ಮನೆ ಅದು?"

"ಯಾರದ್ದೋ."

ಯಾರದ್ದೋ ಏನು ಬಂತು, ಒಡಹುಟ್ಟಿದ ಅಕ್ಕ ಸೊರೈದಾಳದು. ವರ್ಷಗಳ ಹಿಂದೆ ಮಿಗ್ದಾಲಿಯಾ ಒಬ್ಬ ಅತಿಥಿಗೆ ಅಪ್ಪಟ ಕಾಫಿ ಎಂದು ಬಟ್ಟಲು ಕೊಟ್ಟಾಗ, ಪಕ್ಕದಲ್ಲಿ ಕೂತಿದ್ದ ಅಕ್ಕ, "ಅದರಲ್ಲಿ ಅರ್ಧಕ್ಕರ್ಧ ಹುರಿದ ಬಟಾಣಿ ಪುಡಿ ಕಣಪ್ಪ, ಊರೆಲ್ಲ ಕುಡಿಯೋದು ಅದೇ" ಎಂದು ನಕ್ಕುಬಿಟ್ಟಿದ್ದಳು. ಅವಳು ಹೇಳಿದ್ದು ನಿಜವೇ. ನಿಜವಾದ್ದರಿಂದಲೇ ತಂಗಿಗೆ ಮೈಯೆಲ್ಲ ಉರಿಯಿತು. ಅಂದಿನಿಂದ ಮಾತಿಲ್ಲ.

ಈಗ ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು, ಸೋಮವಾರ ಆಪರೇಷನ್. ಅಲ್ಲಿನ ಆಸ್ಪತ್ರೆಗೆ ಒಂಟಿಯಾಗಿ ಹೋಗುವವರಿಲ್ಲ. ಇಬ್ಬರಿಗೂ ಹಾಸುವ ಬಟ್ಟೆ, ದಿಂಬು, ಕುಡಿಯುವ ನೀರು ಎಲ್ಲ ಹೊತ್ತುಕೊಂಡು ಮನೆಯವರೊಬ್ಬರು ಜೊತೆಗಿರಲೇಬೇಕು. ಸೊರೈದಾಳಿಗೆ ಇದ್ದವಳು ಈ ತಂಗಿ ಒಬ್ಬಳೇ. ಹೋಗಬೇಕೆಂದು ಮಿಗ್ದಾಲಿಯಾಳಿಗೆ ಜೀವ ತುಡಿಯುತ್ತಿತ್ತು. ಆದರೆ ಅಕ್ಕನೇ ಮೊದಲು ಕರೆಯಲಿ ಎಂಬ ಹಟ. ಇವತ್ತು ಆಗಲೇ ಶನಿವಾರ.

"ನಮ್ಮೂರು ಗೊತ್ತಾಗಬೇಕಾದ್ರೆ ಬ್ರೆಡ್ ಅಂಗಡಿಗೆ ಬಾ" ಎಂದು ಅವಳು ಇನೆಸಳನ್ನು ಹೊರಡಿಸಿದಳು.

ಅಂಗಡಿಯ ಮುಂದೆ ಸಾಲೇ ಇರಲಿಲ್ಲ. ಜನ ಮೆಟ್ಟಿಲ ಮೇಲೆ, ಮರದ ನೆರಳಲ್ಲಿ, ಎದುರಿನ ಕಟ್ಟೆಯ ಮೇಲೆ ಮನಸ್ಸು ಬಂದಲ್ಲಿ ಕೂತಿದ್ದರು.

"ಕ್ಯೂ ಎಲ್ಲಿದೆ?" ಇನೆಸ್ ಕೇಳಿದಳು.

"ತಲೆಯೊಳಗಿದೆ. ಕೊನೆಯವರು ಯಾರು ಅಂತ ಜೋರಾಗಿ ಕೂಗು. ಕೊನೆಗೆ ಬಂದವರು ಕೈ ಎತ್ತುತ್ತಾರೆ. ಅವರು ಯಾರ ಹಿಂದೆ ಅಂತಲೂ ಕೇಳ್ಕೊ. ಅಷ್ಟಾದ ಮೇಲೆ ಎಲ್ಲಿ ಬೇಕಾದ್ರೂ ಕೂರು. ಇನ್ನೊಬ್ಬರು ಬಂದು ಕೇಳಿದಾಗ ಮಾತ್ರ ಬಾಯಿ ಬಿಡಲೇಬೇಕು. ಬಿಡ್ಲಿಲ್ಲ ಅಂದ್ರೆ ಎಲ್ಲರ ಸರದಿ ಕಲಸುಮೇಲೋಗರ."

ಇನೆಸ್ ಹುರುಪಿನಿಂದ ಕೂಗಿದಳು, "ಕೊನೆಯವರು ಯಾರು?"

ಮರದ ಕೆಳಗೆ ಒಂದು ಕೈ ಮೇಲೆದ್ದಿತು. ಹಸಿರು ಅಂಗಿ ತೊಟ್ಟಿದ್ದ ಸೊರೈದಾಳ ಕೈ. ಮಿಗ್ದಾಲಿಯಾಳ ಕಾಲು ಅಲ್ಲೇ ನಿಂತಿತು.

"ನೀವು ಯಾರ ಹಿಂದೆ?" ಇನೆಸ್ ಕೇಳಿದಳು.

"ಯಾರೋ ಗಂಡಸು ಕಣಮ್ಮ, ಕೆಮ್ಮುತಾನಲ್ಲ ಅವನು. ನಂಗೆ ಮುಖ ಕಾಣಲ್ಲ, ಕೆಮ್ಮು ಹಿಡ್ಕೊಂಡು ಕೂತಿದೀನಿ."

"ಸರಿ, ನಿಮ್ಮ ಹಿಂದೆ ಇವರು" ಎಂದು ಇನೆಸ್ ಮಿಗ್ದಾಲಿಯಾಳನ್ನು ಮುಂದಕ್ಕೆ ಎಳೆದಳು.

"ಇವರು ಅಂದ್ರೆ? ಬಾಯಿ ಬಿಟ್ಟು ಹೇಳಲಿ, ಗುರುತಿಗೆ."

ಅಕ್ಕ ಕಣ್ಣು ಕಿರಿದು ಮಾಡಿ, ನೇರ ತಂಗಿಯ ಮುಖವನ್ನೇ ನೋಡುತ್ತಿದ್ದಳು. ಗುರುತು ಸಿಗಲಿಲ್ಲ. ಇಷ್ಟು ಕೆಟ್ಟಿದೆ ಎಂದು ತಂಗಿಗೆ ಗೊತ್ತೇ ಇರಲಿಲ್ಲ. ಅವಳು ಇನೆಸಳ ಬೆನ್ನ ಹಿಂದೆ ಸರಿದಳು.

ಅಷ್ಟರಲ್ಲಿ ಚೀಲ ಹಿಡಿದ ಮುದುಕನೊಬ್ಬ ಬಂದು ಕೂಗಿದ, "ಕೊನೆಯವರು ಯಾರು?"

ಯಾರೂ ಉತ್ತರಿಸಲಿಲ್ಲ. "ಏನ್ರೀ, ಎಲ್ಲ ಸತ್ತು ಹೋದ್ರಾ?" ಮುದುಕ ರೇಗಿದ. ಜನರೆಲ್ಲ ಮಿಗ್ದಾಲಿಯಾಳ ಕಡೆ ತಿರುಗಿದರು. ಅಕ್ಕನ ಮೇಲೆ ಎಷ್ಟು ಸಿಟ್ಟಿದ್ದರೂ ಹವಾನಾದ ಹೆಂಗಸು ಊರಿನ ಸರದಿ ಕೆಡಿಸುವುದುಂಟೆ?

"ನಾನೇ" ಎಂದಳು. ಹಸಿರು ಅಂಗಿಯವಳ ಹಿಂದೆ ಎಂದು ಹೇಳಿದ್ದರೂ ಸಾಕಾಗಿತ್ತು. "ನಾನು ನಮ್ಮ ಅಕ್ಕನ ಹಿಂದೆ."

ಸೊರೈದಾ ದನಿ ಬಂದ ಕಡೆಗೆ ತಿರುಗಿದಳು.

"ಸೋಮವಾರ ಆಪರೇಷನ್ನು" ಎಂದಳು.

"ಗೊತ್ತು."

"ಗೊತ್ತಿದ್ದೂ ಬರ್ಲಿಲ್ವಲ್ಲೇ, ಕತ್ತೆ."

"ನೀನು ಕರೀಲಿ ಅಂತ..."

"ಕರೆಯೋದೇನು?" ಸೊರೈದಾ ಗದರಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಎರಡು ದಿಂಬು ಒಗೆದು ಒಣಗಿಸಿಟ್ಟು ಆಗಲೇ ಒಂದು ವಾರ ಆಯ್ತು."