ಕೊನೆಯ ನುಡಿಯಲ್ಲಿ ಅಂಬಿಕಾ

ನಮ್ಮ ಸಿಂಧನೂರು ಕಡೆಯ ಹಾಡುಗಳಲ್ಲಿ ಹೆಸರು ಬರುವುದು ಬಲು ಸುಲಭ. ಟ್ರ್ಯಾಕ್ಟರಿನ ಹೆಸರು ಬರುತ್ತದೆ, ಅದನ್ನು ಓಡಿಸುವವನ ಹೆಸರು ಬರುತ್ತದೆ, ಅದರ ಮೇಲೆ ಕುಳಿತು ಸುಮ್ಮನೆ ಊರು ತಿರುಗುವ ಅವನ ಗೆಳೆಯರ ಹೆಸರೂ ಬರುತ್ತದೆ. ಹಾಡಿಗೆ ಕೊನೆಯ ನುಡಿ ಅಂತ ಒಂದು ಇರುವುದೇ ಅದಕ್ಕೆ. ಬರೆದವನು ಯಾವ ಊರಿನವನು, ಹಾಡಿದ ಹುಲಿ ಯಾರು, ಸ್ಟುಡಿಯೋ ಯಾವುದು, ಖರ್ಚು ಕೊಟ್ಟ ಪುಣ್ಯಾತ್ಮ ಯಾರು, ಎಲ್ಲವನ್ನೂ ಪ್ರಾಸ ಕೂಡಿಸಿ ಹಾಡಿ ಮುಗಿಸಬೇಕು. ಒಮ್ಮೆ ಗೊರೇಬಾಳದ ಒಬ್ಬರ ಎಮ್ಮೆಯ ಹೆಸರೂ ಬಂದಿತ್ತು. ಎಮ್ಮೆಯೇನೂ ಹಾಡಿರಲಿಲ್ಲ. ಹಾಡಿದ್ದು ಅಂಬಿಕಾ. ಅವಳ ಹೆಸರು ಮಾತ್ರ ಇರಲಿಲ್ಲ.

ಇದನ್ನು ಹೇಳುತ್ತಿರುವ ನಾನು ಹುಸೇನ್‌ಸಾಬ್. ಮೊದಲು ತಬಲಾ ನುಡಿಸುತ್ತಿದ್ದೆ. ತಬಲಾ ಕೇಳುವವರು ಒಬ್ಬೊಬ್ಬರೇ ತೀರಿಹೋದ ಮೇಲೆ ರಿದಮ್ ಪ್ಯಾಡ್ ಬಡಿಯುತ್ತಿದ್ದೇನೆ. ಅಂಬಿಕಾ ನಮ್ಮ ಓಣಿಯ ಹುಡುಗಿ, ನನ್ನ ಗೆಳೆಯ ಆದೆಪ್ಪನ ಮಗಳು. ಆದೆಪ್ಪ ನೀರಾವರಿ ಇಲಾಖೆಯಲ್ಲಿ ಗುಮಾಸ್ತ. ಬುದ್ಧ ಪೂರ್ಣಿಮೆಗೆ ಓಣಿಯಲ್ಲಿ ಹಾಕುತ್ತಿದ್ದ ಪೆಂಡಾಲಿನಲ್ಲಿ ಅಂಬಿಕಾ ಹಾಡಿದರೆ ಅವನು ಮುಂದಿನ ಸಾಲಿನಲ್ಲಿ ಕುಳಿತು ಅತ್ತಿತ್ತ ನೋಡುತ್ತಿದ್ದ, ಎಲ್ಲರೂ ಕೇಳುತ್ತಿದ್ದಾರೋ ಇಲ್ಲವೋ ಅಂತ. ಆಗ ಅವಳು ಚಿಕ್ಕವಳು. ಚಿಕ್ಕ ಹುಡುಗಿಯರು ಹಾಡಿದರೆ ನಮ್ಮಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ.

ದೊಡ್ಡವಳಾದ ಮೇಲೂ ಅವಳು ಹಾಡುವುದನ್ನು ಬಿಡಲಿಲ್ಲ. ನಮ್ಮಿಬ್ಬರದು ಒಂದು ಮೇಳವಾಯಿತು: ಅವಳ ಕಂಠ, ನನ್ನ ಪ್ಯಾಡು, ಯಾರಾದರೂ ಕೊಟ್ಟರೆ ಮೈಕು. ಗೃಹಪ್ರವೇಶ, ಹುಟ್ಟುಹಬ್ಬ, ಯಾರದೋ ನಿವೃತ್ತಿ, ಎಲ್ಲಿ ಕರೆದರೂ ಹೋದೆವು. ನಾವು ಹಾಡುವಾಗ ಜನರ ಮುಖ ಊಟದ ಎಲೆಯ ಕಡೆಗೇ ಇರುತ್ತಿತ್ತು. ಮಸ್ಕಿಯಲ್ಲಿ ಒಂದು ಸೀರೆ ಅಂಗಡಿಯ ಉದ್ಘಾಟನೆಗೆ ಕರೆದವರು ನಮ್ಮನ್ನು ಚಪ್ಪಲಿ ಬಿಡುವ ಕಡೆ ಕೂರಿಸಿ, "ಸಣ್ಣಗ ಹಾಡ್ರಿ, ಗಿರಾಕಿಗೆ ರೇಟ್ ಕೇಳಸವಲ್ದು" ಅಂದರು. ಕಾರ್ಯಕ್ರಮ ಮುಗಿದ ಮೇಲೆ ಶಾಲು ಹೊದಿಸಿದರು. ಕಲಾವಿದರಿಗೆ ಶಾಲು ಹೊದಿಸಿದರೆ ಹೊಟ್ಟೆ ತುಂಬುತ್ತದೆ ಎಂಬುದು ನಮ್ಮ ಭಾಗದ ಗಟ್ಟಿ ನಂಬಿಕೆ. ಅದೂ ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ, ಉಣ್ಣೆಯ ಶಾಲು.

ಲಿಂಗಸುಗೂರಿನಲ್ಲಿ ಅಮರಗುಂಡಪ್ಪನ ಸ್ಟುಡಿಯೋ ಇದೆ. ಸ್ಟುಡಿಯೋ ಎಂದರೆ ಮೊಬೈಲ್ ಅಂಗಡಿಯ ಹಿಂದಿನ ಕೋಣೆ. ಸದ್ದು ಕೇಳದಿರಲಿ ಅಂತ ಗೋಡೆಗೆಲ್ಲ ತತ್ತಿಯ ಟ್ರೇ ಅಂಟಿಸಿದ್ದಾನೆ. ಬಸ್ಸು ಹಾರ್ನ್ ಹೊಡೆದರೆ ರೆಕಾರ್ಡಿಂಗ್ ನಿಲ್ಲುತ್ತದೆ. ಅಲ್ಲಿ ಗಂಡಸರ ಹಾಡಿಗೆ ಹೆಣ್ಣುದನಿ ಬೇಕಾದಾಗಲೆಲ್ಲ ಅಂಬಿಕಾಗೆ ಫೋನ್ ಬರುತ್ತಿತ್ತು. ಅವಳು ಹೋಗಿ, ಮಾವ ನಿನ್ನ ಬಿಟ್ಟು ಇರಲಾರೆ ಎಂಬರ್ಥದ ಮಾತನ್ನು ನಾನಾ ರಾಗದಲ್ಲಿ ಹಾಡಿ ಬರುತ್ತಿದ್ದಳು. ವಿಡಿಯೋಕ್ಕೆ ಯಾವುದೋ ರಾಜ್ಯದ ಸಿನಿಮಾ ನಾಯಕಿಯ ಫೋಟೋ ಹಚ್ಚುತ್ತಿದ್ದರು.

ಒಂದು ದಿನ ನಾನೂ ಜೊತೆಗಿದ್ದಾಗ ಅವಳು ಕೇಳಿಯೇಬಿಟ್ಟಳು: "ಅಣ್ಣಾರ, ಕೊನೀ ನುಡ್ಯಾಗ ನನ್ನ ಹೆಸರೂ ಹಾಕ್ರಿ. ಅರ್ಧ ಹಾಡು ನಾನ ಹಾಡೀನಿ."

ಅಮರಗುಂಡಪ್ಪ ಹೆಡ್‌ಫೋನ್ ತೆಗೆದು ಅಣ್ಣನ ಮುಖ ಮಾಡಿದ. "ತಂಗಿ, ನಿನ್ನ ಹೆಸರು ಕಂಡಕಂಡವರ ಬಾಯಾಗ ಬಂದ್ರ ಛಂದ ಕಾಣ್ತೈತೇನು? ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ."

ದನಿ ಟ್ರ್ಯಾಕ್ಟರ್ ಹತ್ತಿ ಜಿಲ್ಲೆಯನ್ನೆಲ್ಲ ಸುತ್ತಬಹುದು, ಹೆಸರು ಮಾತ್ರ ಮನೆಯಲ್ಲೇ ಕೂತಿರಬೇಕು! ಎಂಥ ಕಾಳಜಿ! ನನಗೆ ಮೈಯೆಲ್ಲ ಉರಿಯಿತು. ಊರಿಗೆ ಮರಳುವ ಬಸ್ಸು ಮಸ್ಕಿ ದಾಟಿದ ಮೇಲೆ ಅಂಬಿಕಾ, "ಕಾಕಾ, ನಂದ ಒಂದು ಹಾಡು ಮಾಡೋಣ" ಅಂದಳು.

ಮಾಡಿದೆವು. ನಾಟಿ ಹಚ್ಚಲು ಹೊರಟ ಹೆಣ್ಣುಮಗಳೊಬ್ಬಳು ಬೆಳಗ್ಗೆ ಗಂಡನಿಗೆ ಹೇಳುವ ಹಾಡು ಅದು: ನಿನ್ನ ಬುತ್ತಿ ನೀ ಕಟ್ಟಿಕೋ, ನನ್ನ ಗಾಡಿ ಬಂದೈತಿ. ಬರೆದದ್ದು, ರಾಗ ಹಾಕಿದ್ದು, ಹಾಡಿದ್ದು ಎಲ್ಲ ಅವಳೇ. ಅಮರಗುಂಡಪ್ಪನಿಗೆ ಬಾಡಿಗೆ ಕೊಟ್ಟಿದ್ದರಿಂದ ಅವನ ಕಾಳಜಿ ಆ ಹೊತ್ತು ಹೊರಗೆ ಚಹಾ ಕುಡಿಯಲು ಹೋಗಿತ್ತು. ಕೊನೆಯ ನುಡಿಯಲ್ಲಿ ಅವಳು ಯಾರ ಟ್ರ್ಯಾಕ್ಟರನ್ನೂ ಹೊಗಳಲಿಲ್ಲ. "ಸಿಂಧನೂರ ಊರಾಕಿ, ಯಾರ ಹಂಗೂ ಇಲ್ಲದಾಕಿ, ಬರೆದಾಕಿ ಹಾಡಿದಾಕಿ ಅಂಬಿಕಾ ನಾನ" ಅಂತ ಮುಗಿಸಿದಳು.

ಹಾಡಿನ ಬಿಡುಗಡೆ ಎಂದರೆ ನೀವು ವೇದಿಕೆ, ಹಾರ ಎಂದುಕೊಳ್ಳಬೇಡಿ. ಮೊಬೈಲಿನ ಗುಂಡಿ ಒತ್ತಿದಳು, ಬಿಡುಗಡೆ ಆಯಿತು. ಮೊದಮೊದಲು ಕೇಳಿದವರು ಅವಳಮ್ಮ ಗದ್ದೆಮ್ಮ ಮತ್ತು ನಾನು. ಆಮೇಲೆ ಹೇಗೋ ಅದು ತುರ್ವಿಹಾಳ, ಸಾಲಗುಂದದ ಕಡೆ ನಾಟಿಗೆ ಹೋಗುವ ಹೆಣ್ಣುಮಕ್ಕಳ ಕಿವಿಗೆ ಬಿತ್ತು. ಅವರನ್ನು ಗದ್ದೆಗೆ ಒಯ್ಯುವ ಟಂಟಂ ಆಟೋಗಳ ಡ್ರೈವರುಗಳಿಗೆ ಆ ಹಾಡು ಒಂಚೂರೂ ಹಿಡಿಸಲಿಲ್ಲ, ಬುತ್ತಿ ಕಟ್ಟಿಕೊಳ್ಳಬೇಕಾದವರು ಅವರೇ ಆದ್ದರಿಂದ. ಆದರೆ ಗಾಡಿ ತುಂಬ ಕೂತವರು ಕೇಳಿದರೆ ಹಚ್ಚದೆ ಇರಲು ಆಗುತ್ತದೆಯೆ? ಬೆಳಗಿನ ಹೊತ್ತು ಕಾಲುವೆಯ ದಾರಿಯಲ್ಲೆಲ್ಲ ಅದೇ ಹಾಡು.

ಇಷ್ಟಾದ ಮೇಲೆ ಆದೆಪ್ಪ ಕುಣಿಯಬೇಕಿತ್ತು. ಅವನು ತಲೆ ತಗ್ಗಿಸಿ ಆಫೀಸಿಗೆ ಹೋಗತೊಡಗಿದ. ಸಹೋದ್ಯೋಗಿಯೊಬ್ಬ ಬುತ್ತಿ ಬಿಚ್ಚುವಾಗ, "ಇದನ್ನ ನಾನ ಕಟ್ಟಿಕೊಂಡು ಬಂದೀನ್ರಿ ಆದೆಪ್ಪನೋರ" ಅಂತ ನಕ್ಕನಂತೆ. ಅಷ್ಟಕ್ಕೇ ಇವನ ಮಾನ ಹೋಯಿತು. ಮದುವೆ ಆಗಬೇಕಾದ ಹುಡುಗಿಯ ಹೆಸರು ಚಹಾದಂಗಡಿಗಳಲ್ಲಿ ಓಡಾಡುತ್ತಿದೆ ಎಂಬುದು ಅವನ ಸಂಕಟ. ದಿನಾ ಮಗಳ ಬೆನ್ನು ಹತ್ತಿದ.

"ಹೆಸರಷ್ಟು ತೆಗಿಸು ಅಂಬಿ. ಹಾಡು ಬೇಕಾದ್ರ ಇರ್ಲಿ."

"ಹಾಡು ತೆಗಿಸು ಅಂದ್ರ ತೆಗಿಸ್ತೀನಪ್ಪ. ಹೆಸರು ತೆಗಿಸಂಗಿಲ್ಲ."

ಅಪ್ಪ ಮಗಳ ನಡುವೆ ಮಾತು ಕಡಿಮೆಯಾಯಿತು. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಗದ್ದೆಮ್ಮನ ಮೂಲಕವೇ ಕೇಳುತ್ತಿದ್ದರು.

ಅಷ್ಟರಲ್ಲಿ ಮಸ್ಕಿಯಿಂದ ಒಂದು ಸಂಬಂಧ ಬಂತು. ಹುಡುಗ ಪವನ, ಬ್ಯಾಂಕಿನಲ್ಲಿ ನೌಕರಿ. ಫೋನಿನಲ್ಲಿ ಇಬ್ಬರೂ ಮಾತಾಡಿದರು. ಅವಳ ಹಾಡು ತನಗೆ ಬಹಳ ಇಷ್ಟ ಎಂದನಂತೆ. ಅಂಬಿಕಾ ಮಾಳಿಗೆಯ ಮೇಲೆ ಹೋಗಿ ಫೋನ್ ಹಿಡಿದು ನಗುವುದನ್ನು ಇಡೀ ಓಣಿ ಕೇಳಿತು. "ಕಾಕಾ, ಮನುಷ್ಯಾ ಛಲೋ ಅದಾನ" ಅಂತ ನನ್ನ ಮುಂದೆಯೂ ಹೇಳಿದಳು. ಮನಸ್ಸು ಅಲ್ಲಿಗೆ ಹೋಗಿತ್ತು, ಮುಚ್ಚಿಡುವುದೇನು.

ಹುಡುಗಿ ನೋಡಲು ಬಂದ ಭಾನುವಾರ ಆದೆಪ್ಪ ನನ್ನನ್ನೂ ಕರೆದ. "ಹಾಡೋದು ಮರ್ಯಾದಸ್ತರ ಕೆಲಸ ಅಂತ ಹೇಳಾಕ ಒಬ್ಬಾಂವ ಬೇಕು, ನೀ ಇರು ಹುಸೇನಾ." ಮರ್ಯಾದಸ್ತ ಅಂತ ತೋರಿಸಲು ಅವನಿಗೆ ನಾನೇ ಸಿಕ್ಕೆ. ಎಂಥ ಬರ ಬಂದಿತ್ತೋ! ಮಸ್ಕಿಯವರು ಜೀಪು ತುಂಬ ಬಂದಿದ್ದರು. ಮಾತಿಗೆ ಮುಂದೆ ಇದ್ದವರು ಹುಡುಗನ ಸೋದರಮಾವ ಬಸ್ಸಪ್ಪ. ಉಪ್ಪಿಟ್ಟಿನ ಎರಡನೆಯ ಪ್ಲೇಟು ಮುಗಿಸಿ, "ಹೆಸರೇನವ್ವ ನಿಂದು?" ಅಂದರು. ಕಾಲುವೆಯ ದಾರಿಗೆಲ್ಲ ಗೊತ್ತಿದ್ದ ಹೆಸರು ಇವರಿಗೆ ಗೊತ್ತಿಲ್ಲವೆ! ಪದ್ಧತಿ, ಕೇಳಲೇಬೇಕು.

"ಅಂಬಿಕಾ ರೀ."

ಒಂದು ಹಾಡು ಹಾಡು ಅಂದರು. ಅವಳು ಅದೇ ಹಾಡನ್ನೇ ಎತ್ತಿಕೊಂಡಳು. ನಾನು ಕುರ್ಚಿಯ ಕೈಮೇಲೆ ತಾಳ ಹಾಕಿದೆ. ಪವನನ ಕಾಲು ಕುಣಿಯುತ್ತಿತ್ತು. ಕೊನೆಯ ನುಡಿ ಬರುವಷ್ಟರಲ್ಲಿ ಬಸ್ಸಪ್ಪ ಕೈ ಎತ್ತಿದರು.

"ಸಾಕವ್ವ, ಕಂಠ ಭಾಳ ಛಲೋ ಐತಿ. ನೋಡ್ರಿ ಆದೆಪ್ಪನೋರ, ನಾವೇನು ಹಳೇ ಕಾಲದ ಮಂದಿ ಅಲ್ಲ. ಸೊಸಿ ಹಾಡ್ಲಿ. ಮುಂದಿನ ನುಡ್ಯಾಗ ಹೆಸರು ಬರ್ತೈತಲ್ಲ, ಅದೊಂದು ತೆಗಿಸಿಬಿಡ್ರಿ. ಟಂಟಂನ್ಯಾಗ ಮನೀ ಸೊಸಿ ಹೆಸರು ಕೂಗೋದು ಛಂದಲ್ಲ. ಬೇಕಾದ್ರ ಅಲ್ಲಿ ನಮ್ಮ ಪವನನ ಹೆಸರು ಹಾಕ್ರಿ. ಗಂಡನ ಹೆಸರು ಹಾಡಿದ್ರ ಒಂದು ಮರ್ಯಾದಿ ಇರ್ತೈತಿ."

ಪವನ ಹಾಡು ಬರೆದಿರಲಿಲ್ಲ, ಹಾಡಿರಲಿಲ್ಲ, ಜನ್ಮದಲ್ಲಿ ತನ್ನ ಬುತ್ತಿಯನ್ನೂ ಕಟ್ಟಿಕೊಂಡಿರಲಿಲ್ಲ. ಗೊರೇಬಾಳದ ಎಮ್ಮೆಗಾದರೂ ಹಾಲು ಕೊಟ್ಟ ಪುಣ್ಯವಿತ್ತು.

ಅಂಬಿಕಾ ಅವನ ಕಡೆ ನೋಡಿದಳು. ಅವನು ಏನಾದರೂ ಅನ್ನುತ್ತಾನೆ ಅಂತ ಕಾದಳು, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಅವನು ಚಹಾದ ಕಪ್ಪು ನೋಡಿಕೊಂಡು, "ಹಿರೇರು ಹೇಳಾಕತ್ತಾರ… ಹೆಸರಷ್ಟ ಅಲ್ರಿ, ಹಾಡು ಹಂಗ ಇರ್ತೈತಲ್ಲ" ಅಂದ.

"ನಿಮ್ಮ ಟೇಬಲ್ ಮ್ಯಾಲೆ ನಿಮ್ಮ ಹೆಸರಿನ ಬೋರ್ಡ್ ಐತಿ ಅಂತ ಹೇಳಿದ್ರಿ" ಅಂದಳು ಅಂಬಿಕಾ. "ಅದನ್ನ ತೆಗದು ನಂದು ಇಡ್ತೀರೇನ್ರಿ? ಬ್ಯಾಂಕ್ ಹಂಗ ಇರ್ತೈತಿ."

ಬಸ್ಸಪ್ಪ ಹುಡುಗಿಯನ್ನು ಬಿಟ್ಟು ಅಪ್ಪನ ಕಡೆ ತಿರುಗಿದರು. "ಹುಡುಗ್ಯಾರ ಮಾತು ಬಿಡ್ರಿ. ನೀವು ಯಜಮಾನ್ರು. ಸ್ಟುಡಿಯೋದಾಂವಗ ಈಗ ಒಂದು ಫೋನ್ ಹಚ್ಚಿ ಹೇಳಿಬಿಡ್ರಿ, ಮುಂದಿನ ಮಾತು ಇವತ್ತ ಮುಗಸೋಣ."

ಆದೆಪ್ಪ ಜೇಬಿನಿಂದ ಫೋನ್ ತೆಗೆದ. ನಾನು ನೆಲ ನೋಡಿದೆ. ತಿಂಗಳುಗಟ್ಟಲೆ ಮಗಳಿಗೆ ಇದನ್ನೇ ಹೇಳುತ್ತ ಬಂದವನು, ಈಗ ಸಂಬಂಧವೂ ಕೈಗೆ ಬಂದಿದೆ, ಇನ್ನೇನು ಮಾಡಿಯಾನು ಅಂದುಕೊಂಡೆ. ಅವನು ಅದನ್ನು ಮತ್ತೆ ಜೇಬಿಗೆ ಇಟ್ಟ.

"ನನಗ ಅಕ್ಕತಂಗೇರಿಲ್ರಿ" ಅಂದ. ಬಸ್ಸಪ್ಪನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. "ಇಕಿನ್ನ ತೊಟ್ಟಿಲಕ್ಕ ಹಾಕಿದ ದಿನ ಸೋದರತ್ತಿ ಕೂಸಿನ ಕಿವ್ಯಾಗ ಹೆಸರು ಕೂಗಬೇಕು. ಕೂಗೋರು ಯಾರೂ ಇರಲಿಲ್ಲ. ಹೆಂಗಸರೆಲ್ಲ ನಗತಿದ್ರು, ನಾನ ಬಗ್ಗಿ ಕೂಗೀನಿ. ನನ್ನ ಬಾಯಿಲೆ ಇಟ್ಟ ಹೆಸರ್ರಿ ಅದು. ತೆಗಿಸು ಅಂತ ನಾನೂ ಅಂದೀನಿ, ನನಗ ಬುದ್ಧಿ ಇರಲಿಲ್ಲ. ನೀವು ಅನ್ನಬ್ಯಾಡ್ರಿ."

ಬಸ್ಸಪ್ಪ ಎದ್ದರು. ಎದ್ದವರು ಉಳಿದ ಚಹಾ ಕುಡಿದೇ ಹೊರಟರು, ಚಹಾದ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಪವನ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅಂಬಿಕಾ ಆಗಲೇ ಒಳಗೆ ಹೋಗಿದ್ದಳು. ಅವಳು ಅಳುವುದು ಕೇಳುತ್ತಿತ್ತು. ಗೆದ್ದೆನೆಂಬ ಖುಷಿಯ ಅಳು ಅಲ್ಲ, ಆ ಹುಡುಗ ಅವಳಿಗೆ ನಿಜಕ್ಕೂ ಬೇಕಾಗಿದ್ದ.

ಆದೆಪ್ಪ ಬಾಗಿಲ ಬಳಿಯೇ ನಿಂತಿದ್ದ. ಅವಳು ಮುಖ ತೊಳೆದು ಹೊರಗೆ ಬಂದ ಮೇಲೆ ತಾನೇ ನೇರವಾಗಿ ಮಾತಾಡಿಸಿದ.

"ಅಂಬಿ, ಆ ಹಾಡು ನಾ ಒಮ್ಮಿನೂ ಕೊನೀತನ ಕೇಳಿಲ್ಲ. ಹೆಂಗೈತಿ ಅದು?"

ಅವಳು ನನ್ನ ಕಡೆ ನೋಡಿದಳು. ನಾನು ಮತ್ತೆ ಕುರ್ಚಿಯ ಕೈಮೇಲೆ ತಾಳ ಹಿಡಿದೆ. ಅತ್ತು ಅತ್ತು ದನಿ ಒಡೆದಿತ್ತು, ಕೊನೆಯ ನುಡಿಯನ್ನಷ್ಟೇ ಹಾಡಿದಳು. ಆದೆಪ್ಪ ಕಡತ ನೋಡುವ ಗುಮಾಸ್ತನಂತೆ ತಲೆ ವಾರೆ ಮಾಡಿ, ಒಂದು ಅಕ್ಷರವನ್ನೂ ಬಿಡದೆ ಕೇಳಿದ.

"ಎಲ್ಲಾ ಛಲೋ ಐತಿ. ನಿನ್ನ ಹೆಸರು ಬಂದಲ್ಲಿ ದನಿ ಸಣ್ಣ ಆತು" ಅಂದ. "ಅದನ್ನ ಜೋರ್ ಹಾಡು."